ತಮ್ಮನ ಎಡದೋಳು

ಒದ್ದೆ ವಿಭೂತಿಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ದೇವರು ನೆನಪಾಗುವುದಿಲ್ಲ, ತಮ್ಮ ಗುರುಪಾದನ ಎಡದೋಳು ನೆನಪಾಗುತ್ತದೆ. ಅದು ನಿಜಾಮರ ಕಾಲ. ಸಿಡುಬು ಬಾರದಂತೆ ತೋಳು ಗೀರಿ ಲಸಿಕೆ ಹಾಕುವುದನ್ನು ನಮ್ಮ ಕಡೆ ದೇವಿ ಹಾಕುವುದು ಎನ್ನುತ್ತಿದ್ದರು. ಕೂಸಿದ್ದಾಗ ಹಾಕಿಸಿಕೊಂಡ ಮಕ್ಕಳಿಗೂ ಎರಡನೆಯ ಸಲ ಹಾಕಲು ಒಬ್ಬ ಮುನ್ಶಿ ಕಾಸಾರಶಿರಸಿ ಹತ್ತಿರದ ನಮ್ಮೂರ ಶಾಲೆಗೆ ಬಂದರು. ಗಾಯಕ್ಕೆ ಏನೂ ಹಚ್ಚಬಾರದು, ಎಂಟು ದಿನಕ್ಕೆ ಬಂದು ನೋಡುತ್ತೇನೆ, ಗುಳ್ಳೆ ಏಳದಿದ್ದರೆ ಮತ್ತೆ ಹಾಕುತ್ತೇನೆ ಎಂದು ಉರ್ದುವಿನಲ್ಲಿ ಹೇಳಿದರು. ಮನೆಯಲ್ಲಿ ಉರ್ದು ಚೆನ್ನಾಗಿ ತಿಳಿಯುತ್ತಿದ್ದವನು ನಾನೊಬ್ಬನೇ. ನನಗೆ ಹತ್ತು ವರ್ಷ, ಗುರುಪಾದನಿಗೆ ಏಳು.

ದೊಡ್ಡವನೆಂಬ ಜಂಬಕ್ಕೆ ನಾನು ಅಳಲಿಲ್ಲ. ನನ್ನ ತೋಳನ್ನು ಯಾರೂ ನೋಡಲಿಲ್ಲ. ಗುರುಪಾದ ಮನೆತನಕ ಅತ್ತುಕೊಂಡು ಬಂದ. ಆಯಿ, ಅಂದರೆ ನಮ್ಮ ಅಪ್ಪನ ತಾಯಿ, ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸೆರಗಿನಿಂದ ತೋಳು ಒರೆಸಿ, ವಿಭೂತಿಗಟ್ಟಿ ತೇಯ್ದು ತಣ್ಣಗೆ, ದಪ್ಪಗೆ ಬಳಿದಳು.

"ಏನೂ ಹಚ್ಚಬಾರದಂತ ಆಯಿ, ಮುನ್ಶಿಯವ್ರು ಹೇಳ್ಯಾರ."

"ಶಿವನ ಬೂದಿಗಿ ಬ್ಯಾಡ ಅನ್ಲಿಕ್ಕ ಅಂವಾ ಯಾಂವೋ? ಹುಟ್ಟಿದ ಕೂಸಿಗಿ ಲಿಂಗ ಒಮ್ಮೆ ಕಟ್ತೀವಿ, ವರ್ಷಾ ವರ್ಷಾ ಕಟ್ತೀವೇನು? ದೇವೀನೂ ಹಂಗೇ. ನಾಕಕ್ಷರ ಬಂದಾವಂತ ನನಗ ಶಾಣ್ಯಾತನ ಹೇಳಬ್ಯಾಡ, ಸಾಹೇಬಾ!"

ಗುರುಪಾದ ಅಳು ಮರೆತು ನಕ್ಕ.

ಎಂಟು ದಿನಕ್ಕೆ ನನ್ನ ತೋಳಿನಲ್ಲಿ ಗುಳ್ಳೆ ಎದ್ದಿತ್ತು. ಅವನದು ನುಣ್ಣಗಿತ್ತು. ಆಯಿ ಅವನನ್ನು ಹೊಲಕ್ಕೆ ಕರೆದುಕೊಂಡು ಹೊರಟಳು. "ಕೇಳಿದ್ರ, ಸ್ವಾದರತ್ತಿ ಊರಿಗಿ ಹೋಗ್ಯಾನ ಅನ್ನು" ಎಂದಳು. ಮುನ್ಶಿ ಕೇಳಿದರು. ಒಂದು ತಪ್ಪೂ ಇಲ್ಲದ ಉರ್ದುವಿನಲ್ಲಿ ಹಾಗೆಯೇ ಹೇಳಿದೆ. ಮಾಸ್ತರರು ಮೆಚ್ಚಿ ಬೆನ್ನು ತಟ್ಟಿದರು.

ಮುಂದಿನ ಬೇಸಿಗೆಯಲ್ಲಿ ಊರಿಗೆ ಸಿಡುಬು ಬಂತು. ಒಂದೇ ಕೌದಿಯಲ್ಲಿ ಮಲಗುತ್ತಿದ್ದವರು ನಾವು. ನನಗೆ ಮೈ ಕೂಡ ಬಿಸಿಯಾಗಲಿಲ್ಲ. ಗುರುಪಾದ ಹನ್ನೊಂದನೆಯ ದಿನ ಹೋದ. ಹೊಲದಲ್ಲಿ ಅವನನ್ನು ಕೂರಿಸಿ ಮಣ್ಣು ಕೊಟ್ಟೆವು. ಅಷ್ಟು ಸಣ್ಣ ಕುಣಿಯನ್ನು ನಾನು ಮತ್ತೆ ನೋಡಿಲ್ಲ.

ಹೆಬ್ಬೆಟ್ಟೊತ್ತುವವರ ಮನೆತನದಿಂದ ಹೈದರಾಬಾದಿಗೆ ಹೋಗಿ ಬಿ.ಎ. ಮುಗಿಸಿದ ಮೊದಲಿಗ ನಾನು. ಹೆಮ್ಮೆಯಿಂದಲೇ ಹೇಳುತ್ತೇನೆ, ಅದು ಸುಮ್ಮನೆ ಬಂದದ್ದಲ್ಲ. ಊರಿಗೆ ಮರಳಿದ ದಿನ ನೋಡಲು ಬಂದವರೆಲ್ಲ ಹೋದ ಮೇಲೆ ಆಯಿ ಹತ್ತಿರ ಬಂದು ಕೂತಳು.

"ನೀ ಕಲ್ತಾಂವ, ಖರೇ ಹೇಳು. ಮತ್ತೊಮ್ಮೆ ಹಾಕಿಸಿದ್ರ ಹುಡುಗ ಉಳೀತಿದ್ನೇನು?"

"ಇಲ್ಲ ಆಯಿ, ಅವನ ಆಯುಷ್ಯ ಅಷ್ಟೇ ಇತ್ತು."

ಆಕೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ "ಉಣ್ಣು ಏಳು" ಎಂದು ಒಳಗೆ ಹೋದಳು. ನಂಬಿದಳೋ ಇಲ್ಲವೋ, ಕೇಳಿ ತಿಳಿಯಲು ಈಗ ಆಕೆಯೂ ಇಲ್ಲ.