ಅಮ್ಮ ನಕ್ಕಿದ್ದು ಅವರ ಮುಂದೆ

ಅವರ ಮುಂದಿನ ಹಲ್ಲೊಂದರ ತುದಿಯಲ್ಲಿ ಸಣ್ಣ ಕಚ್ಚು ಇತ್ತು. ವರ್ಷಗಟ್ಟಲೆ ಹಲ್ಲಿನಲ್ಲೇ ದಾರ ಕಡಿದು ಆದದ್ದು. ಸೀರೆಗಳಿಗೆ ಫಾಲ್ ಹಚ್ಚುವುದು ಅವರ ಕೆಲಸ. ಕತ್ತರಿ ಪಕ್ಕದಲ್ಲೇ ಬಿದ್ದಿದ್ದರೂ ದಾರ ಹೋಗುವುದು ಬಾಯಿಗೇ. ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದ ನಮ್ಮ ಚಾಳಿನಲ್ಲಿ ಎಲ್ಲರಿಗೂ ಅವರು ಫಾಲ್ ಮೌಶಿ, ಅಂದರೆ ಫಾಲ್ ಚಿಕ್ಕಮ್ಮ. ಊರು ವಿಜಯಪುರದ ಕಡೆ. ಗಂಡ ತುರ್ಭೆಯ ಗೋದಾಮಿನಲ್ಲಿ ಲೋಡಿಂಗ್ ಕೆಲಸದವರು. ಹೊಟ್ಟೆಕಿಚ್ಚು ಇರುವವರು ನೋಡುವಷ್ಟು ಗಮನವಿಟ್ಟು ಬೇರೆ ಯಾರೂ ನೋಡುವುದಿಲ್ಲ. ಮೌಶಿಯನ್ನು ನಾನು ಹಾಗೆ ನೋಡಿದ್ದೇನೆ.

ತಮ್ಮ ಹುಟ್ಟಿದಾಗ ನನಗೆ ಒಂಬತ್ತು ವರ್ಷ. ಬಾಣಂತನಕ್ಕೆ ಕುಂದಾಪುರದಿಂದ ಬಂದಿದ್ದ ಅಜ್ಜಿ ಮೂರು ತಿಂಗಳಿಗೆ ವಾಪಸಾದರು. ಅಪ್ಪ ಠಾಣೆಯ ಹೋಟೆಲೊಂದರಲ್ಲಿ ಕ್ಯಾಪ್ಟನ್, ವೇಟರುಗಳ ಮೇಲ್ವಿಚಾರಕ. ಅವರು ಬರುವಷ್ಟರಲ್ಲಿ ನನಗೆ ನಿದ್ದೆ. ಅಮ್ಮ ಅಡಿಗೆ ಮಾಡುತ್ತಿದ್ದಳು, ಮಗುವನ್ನು ಮೀಯಿಸುತ್ತಿದ್ದಳು, ಹಾಲು ಕೊಡುತ್ತಿದ್ದಳು. ಮಾತು ಮಾತ್ರ ಇಲ್ಲ. ಕೆಲಸ ಮುಗಿದರೆ ಗೋಡೆಗೆ ಮುಖ ಮಾಡಿ ಮಲಗುವಳು. ಹಾಲು ಕೊಡುವಾಗಲೂ ಅವಳ ಕಣ್ಣು ಮಗುವಿನ ಮೇಲೆ ಇರುತ್ತಿರಲಿಲ್ಲ. ಕ್ಲಾಸಿಗೆ ಮೊದಲನೆಯವಳಾಗಿ ಬಂದ ದಿನ ಪ್ರಗತಿಪತ್ರವನ್ನು ಅವಳ ಮುಖದ ಮುಂದೆ ಹಿಡಿದೆ. "ಹ್ಞೂಂ" ಅಂದಳು. ಶಾಲೆಯ ಡ್ಯಾನ್ಸ್ ಮಾಡಿ ತೋರಿಸಿದೆ. "ಸದ್ದು ಮಾಡಬೇಡ" ಅಂದಳು.

ತಮ್ಮ ಅಳುತ್ತಲೇ ಇರಲಿಲ್ಲ. "ಕಿತೀ ಗುಣಾಚಂ ಬಾಳ!" ಎಷ್ಟು ಒಳ್ಳೆಯ ಮಗು ಎಂದು ಚಾಳಿನ ಹೆಂಗಸರು ಮರಾಠಿಯಲ್ಲಿ ಹೊಗಳುವರು. ಮೌಶಿ ಒಬ್ಬರೇ ತೊಟ್ಟಿಲಿಗೆ ಬಗ್ಗಿ, ಮಗುವಿನ ಕಣ್ಣೆದುರು ಬೆರಳಾಡಿಸಿ ನೋಡಿದರು. "ಗುಣಾನೂ ಅಲ್ಲ, ಗಿಣಾನೂ ಅಲ್ಲ. ಅತ್ರ ಯಾರೂ ಬರೂದಿಲ್ಲಂತ ಕೂಸಿಗೆ ತಿಳದೈತಿ" ಅಂದರು.

ಮರುದಿನ ಮಧ್ಯಾಹ್ನ ಸೀರೆಗಳ ಗಂಟು ಹೊತ್ತು ಬಂದರು. "ನಮ್ಮನ್ಯಾಗ ಬೆಳಕ ಕಡಿಮಿ ಐತಿ ತಂಗಿ. ನಿಮ್ಮ ಕಿಡಕಿ ಬಾಜೂಕ ಕುಂದರ್ತೀನಿ." ಅಮ್ಮ ಏನಾದರೂ ಅನ್ನುವ ಮೊದಲೇ ಮೌಶಿ ಕೂತೇಬಿಟ್ಟರು. ಅಮ್ಮನನ್ನು ಏನೂ ಕೇಳಲಿಲ್ಲ. "ಈ ತುದಿ ಜರಾ ಹಿಡಿ" ಎಂದು ಸೀರೆಯ ಒಂದು ತುದಿಯನ್ನು ಕೈಗಿತ್ತರು. ತಮ್ಮನನ್ನು ಇಬ್ಬರ ನಡುವೆ ಮಲಗಿಸಿಕೊಂಡರು. ದಾರ ಕಡಿದ ಸದ್ದಿಗೆ ಅವನು ಕತ್ತು ತಿರುಗಿಸಿದ. ಅದನ್ನು ಕಂಡ ಮೌಶಿ ಸುಮ್ಮಸುಮ್ಮನೆ ಇನ್ನೊಂದು ದಾರ ಕಡಿದರು, ಮತ್ತೊಂದು ಕಡಿದರು. "ಏನ ನೋಡ್ತೀಯೋ ಸಾಹೇಬಾ, ನನ್ನ ಮುರುಕ ಹಲ್ಲ?"

ಹೀಗೇ ಒಂದು ತಿಂಗಳು ಕಳೆದಿರಬೇಕು. ಒಂದು ದಿನ ಶಾಲೆಯಿಂದ ಬಂದು ಮೆಟ್ಟಿಲು ಹತ್ತುತ್ತಿದ್ದೆ. ಮೇಲಿನಿಂದ ಅಮ್ಮನ ನಗು ಕೇಳಿಸಿತು. ಆ ನಗುವನ್ನು ನಾನು ಮರೆತೇಬಿಟ್ಟಿದ್ದೆ. ಅಮ್ಮ ಟೀಚರೊಬ್ಬರ ಸೀರೆಯ ತಪ್ಪು ತುದಿ ಕೊಟ್ಟಿದ್ದಳು. ಮೌಶಿ ನೋಡದೆ ಸೆರಗಿನ ಕಡೆಗೇ ಫಾಲ್ ಹಚ್ಚಿದ್ದರು. "ಕೊಟ್ಟಾಕಿ ನೀನು, ಹಚ್ಚಿದಾಕಿ ನಾನು. ಇನ್ನ ಆ ಟೀಚರ್‌ಬಾಯಿ ತಲಿಕೆಳಗ ನಿಂತ ಉಡಬೇಕ ನೋಡು!" ಎನ್ನುತ್ತಿದ್ದರು. ಅಮ್ಮ ಕಣ್ಣೊರೆಸಿಕೊಂಡು ನಗುತ್ತಿದ್ದಳು. ನಾನು ಹೊಸ್ತಿಲು ದಾಟಿದೆ. ನಗು ನಿಂತಿತು.

ದೀಪಾವಳಿ ರಜೆ ಶುರುವಾದ ದಿನ ಮೌಶಿ ಬಂದಾಗ ನಾನೇ ಬಾಗಿಲಿಗೆ ಹೋದೆ. ಅಮ್ಮ ಮಲಗಿದ್ದಾಳೆ, ಯಾರೂ ಬರುವುದು ಬೇಡವಂತೆ ಎಂದು ಪಿಸುಗುಟ್ಟಿದೆ. ಅವರು ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, "ಆತವ್ವ" ಎಂದು ಗಂಟು ಎತ್ತಿಕೊಂಡು ಹೋದರು. ಮರುದಿನ ಬಂದರು. ಅದೇ ಮಾತು ಹೇಳಿದೆ. ಒಟ್ಟು ಎಂಟು ದಿನ. "ಮೌಶಿ ಬರಲಿಲ್ವಾ?" ಎಂದು ಅಮ್ಮ ಕೇಳಿದಾಗ, "ಅವರಿಗೆ ಪುರುಸೊತ್ತಿಲ್ಲವಂತೆ" ಎಂದೆ. ಮೂರನೆಯ ದಿನದಿಂದ ಅಮ್ಮ ಕೇಳಲಿಲ್ಲ. ಅವಳು ಗೋಡೆಯ ಕಡೆ ತಿರುಗಿದಳು. ತಮ್ಮನ ಮುಂದೆ ನಾನು ಚಪ್ಪಾಳೆ ತಟ್ಟಿದೆ, ಹಲ್ಲು ಕಟಕಟ ಮಾಡಿದೆ. ಅವನು ಮೌಶಿ ಕೂರುತ್ತಿದ್ದ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಅಮ್ಮ ಗೋಡೆಗೆ ಹೇಳುವಂತೆ ಹೇಳಿದಳು: "ನಾನಿಲ್ಲದಿದ್ರೆ ನಿಮ್ಮಿಬ್ಬರಿಗೂ ಒಳ್ಳೇದಿತ್ತು."

ನಾನು ಗ್ಯಾಲರಿಯ ಕೊನೆಯವರೆಗೂ ಓಡಿದೆ. ಮೌಶಿಯ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಮೂಲೆಯ ಮನೆ, ಎರಡು ಕಿಟಕಿ. ಹೊಲಿಗೆ ಮಷಿನ್ನಿನ ಮೇಲೆಲ್ಲ ಬಿಸಿಲು. ನಮ್ಮ ಕಿಟಕಿಯೆದುರು ಇರುವುದು ಪಕ್ಕದ ಕಟ್ಟಡದ ಗೋಡೆ. ಅವರು ಬೆಳಕಿಗಾಗಿ ನಮ್ಮಲ್ಲಿಗೆ ಬಂದವರೇ ಅಲ್ಲ. "ಮೌಶಿ, ಮೈ ಝೂಟ್ ಬೋಲೀ," ಸುಳ್ಳು ಹೇಳಿದೆ ಎಂದು ಅಳುತ್ತಾ ಎಲ್ಲ ಹೇಳಿದೆ. ಅಮ್ಮ ಆಗಷ್ಟೇ ಆಡಿದ ಮಾತನ್ನೂ ಹೇಳಿದೆ. ಅವರು ಕೈಯ ಸೀರೆ ಕೆಳಗಿಟ್ಟರು. "ಬೈಯೂದ ಆಮ್ಯಾಲ. ಮೊದಲ ನಡಿ" ಅಂದವರೇ ಬರಿಗಾಲಲ್ಲಿ ಹೊರಟರು.

ಸಂಜೆ ಅಪ್ಪನಿಗೆ ಫೋನ್ ಮಾಡಿಸಿ ಕರೆಸಿದ್ದೂ ಅವರೇ. ಮೌಶಿ ಮನೋವೈದ್ಯರು ಎಂದ ಕೂಡಲೇ ಅಪ್ಪ, "ಅವಳಿಗೇನು ಹುಚ್ಚಾ?" ಎಂದರು. "ಜ್ವರ ಬಂದ್ರ ಡಾಕ್ಟರ್ ಕಡೆ ಹೋಗ್ತೀರಿಲ್ಲೋ ಅಣ್ಣಾರ? ಇದೂ ಜ್ವರನ. ಮೈ ಬಿಸಿ ಆಗೂದಿಲ್ಲ, ಅಷ್ಟ." ಮರುದಿನ ಬೆಳಿಗ್ಗೆ ಮೌಶಿಯೇ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಕಲ್ಯಾಣದ ಆಸ್ಪತ್ರೆಗೆ ಹೋದರು. ಹೆರಿಗೆಯ ನಂತರ ಬರುವ ಖಿನ್ನತೆ, ಇದು ಕಾಯಿಲೆ, ತಾಯಿಯ ತಪ್ಪಲ್ಲ ಎಂದು ಡಾಕ್ಟರು ಗುಳಿಗೆ ಬರೆದರು. ಅಮ್ಮ ಸುಧಾರಿಸುವವರೆಗೆ ಮಗುವಿನ ಮುಖ ನೋಡಿ ಮಾತಾಡುವವರು ಯಾರಾದರೂ ಬೇಕು ಎಂದರು. ಆ ಕೆಲಸವನ್ನು ಮೌಶಿ ಯಾರಿಗೂ ಬಿಟ್ಟುಕೊಡಲಿಲ್ಲ.

ಅಮ್ಮ ಚೇತರಿಸಿಕೊಳ್ಳಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ತಮ್ಮನಿಗೆ ಮಾತು ಬಂದದ್ದು ಮೂರು ವರ್ಷದ ಹೊತ್ತಿಗೆ. ಈಗ ನೆರೂಳಿನ ಕಾಲೇಜಿನಲ್ಲಿ ಓದುತ್ತಾನೆ. ದಿನವಿಡೀ ಹಿಂದಿ, ಸಿಟ್ಟು ಬಂದರೆ ಮಾತ್ರ ಅಪ್ಪಟ ವಿಜಯಪುರದ ಕನ್ನಡ. ಅದಕ್ಕೂ ನನಗೆ ಹೊಟ್ಟೆಕಿಚ್ಚಿದೆ.

ಬೈಯುತ್ತೇನೆ ಎಂದಿದ್ದ ಮೌಶಿ ಕೊನೆಗೂ ಬೈಯಲಿಲ್ಲ. ಆ ಎಂಟು ದಿನ ಯಾಕೆ ಬರಲಿಲ್ಲ ಎಂದು ಅಮ್ಮ ಕೇಳಿದಾಗ, "ಕೆಲಸಿತ್ತು ತಂಗಿ" ಎಂದರಂತೆ. ಮುಂದೆ ಅದು ಅಮ್ಮನಿಗೆ ಒಂದು ಚುಚ್ಚುಮಾತೇ ಆಯಿತು. "ಎಂಟು ದಿನ ನನ್ನ ಕೈಬಿಟ್ಟವರಲ್ವಾ ನೀವು!" ಎಂದು ಹಂಗಿಸುವಳು. ಮೌಶಿ ಒಮ್ಮೆ ನನ್ನ ಕಡೆ ನೋಡಿ, ದಾರ ಕಡಿದು, ಮುಂದಿನ ಸೀರೆ ಎತ್ತಿಕೊಳ್ಳುವರು. ಹದಿನೆಂಟು ವರ್ಷ ಹಾಗೇ ನಡೆಯಿತು. ಸುದ್ದಿಮನೆಗೆ ಸೇರಿ, ಇನ್ನೊಬ್ಬರ ತಪ್ಪನ್ನು ತಿದ್ದಿ ಅಚ್ಚಿಗೆ ಕಳಿಸುವುದೇ ಕೆಲಸವಾದ ಮೇಲೂ ನಾನು ಬಾಯಿ ಬಿಡಲಿಲ್ಲ.

ಈ ವರ್ಷ ಮೌಶಿ ತೀರಿಕೊಂಡರು. ಚಾಪೆಯ ಮೇಲೆ ಮಲಗಿಸಿದ್ದರು. ಎರಡೂ ಕಿಟಕಿ ತೆರೆದಿದ್ದವು. ಅಮ್ಮ ಅವರ ಕೈ ಹಿಡಿದು ಅತ್ತಳು. ನನ್ನ ಮನಸ್ಸಿಗೆ ಮೊದಲು ಬಂದದ್ದು, ನನಗಾಗಿ ಇವಳು ಯಾವತ್ತಾದರೂ ಹೀಗೆ ಅತ್ತಿದ್ದಾಳೆಯೇ ಎಂದು. ಅಷ್ಟರಲ್ಲಿ ಅಮ್ಮ, "ಒಂದೇ ಸಲ ಬಿಟ್ಟು ಹಾಕಿದ್ರಿ ಅಕ್ಕ, ಆ ಎಂಟು ದಿನ. ಯಾಕೆ ಅಂತ ಸರಿಯಾಗಿ ಹೇಳಲೇ ಇಲ್ಲ ಅಲ್ಲ ಮಾರಾಯ್ರೆ" ಎಂದಳು.

"ಅವರು ದಿನಾ ಬಂದಿದ್ರು ಅಮ್ಮ. ಬಾಗಿಲಲ್ಲಿ ನಿಂತು ವಾಪಸು ಕಳಿಸಿದವಳು ನಾನು."

ಅಮ್ಮ ನನ್ನ ಕಡೆ ತಿರುಗಲಿಲ್ಲ. ಮೌಶಿಯ ಮುಖದ ಹತ್ತಿರ ಬಗ್ಗಿದಳು.

"ಕೇಳಿದ್ರಾ ಅಕ್ಕ? ಇಷ್ಟು ವರ್ಷ ನನ್ನ ಹತ್ರ ಸುಮ್ಮನೆ ಬೈಸಿಕೊಂಡ್ರಲ್ಲ!"

ಆಗಲೂ ಅವಳು ಮಾತಾಡಿದ್ದು ಅವರ ಹತ್ತಿರವೇ.