ಪಕ್ಕದ ಮನೆಯಾಕೆಯ ಅಪ್ಪ ಆಡಿದ ಆಟ

ಇಂಗ್ಲೆಂಡಿನ ಕಿಂಗ್ಸ್‌ಬರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಇಂಗ್ಲಿಷ್ ಹೆಂಗಸೊಬ್ಬರಿದ್ದರು. ಅವರ ಅಪ್ಪ ಮೊದಲ ಮಹಾಯುದ್ಧಕ್ಕೆ ಮುಂಚೆ ಇಂಗ್ಲೆಂಡಿನ ರಗ್ಬಿ ತಂಡದಲ್ಲಿ ಆಡಿದವರು. ಗೋಡೆಯ ಫೋಟೋದಲ್ಲಿ ಕೈಕಟ್ಟಿ ನಿಂತಿದ್ದರು. ಗೂಳಿಯಂಥ ಕತ್ತು, ಚಪ್ಪಟೆ ಮೂಗು.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮಗಳು ಹುಡುಗಿಯರ ರಗ್ಬಿ ತಂಡ ಸೇರಿದಾಗ ನನಗೆ ಊಟವೇ ಸೇರದಾಯಿತು. ಡಾಕ್ಟರಾದ ಗಂಡ ನಕ್ಕುಬಿಟ್ಟರು. "ಏನೂ ಆಗೂದಿಲ್ಲ. ಸುಮ್ನ ಅಂಜಬ್ಯಾಡ." ಸ್ವಲ್ಪ ಧೈರ್ಯ ಸಿಕ್ಕೀತೆಂದು ಪಕ್ಕದ ಮನೆಗೆ ಹೋದೆ.

"ನಿಮ್ಮಪ್ಪನಿಗೆ ಹೆದರಿಕೆ ಇರಲಿಲ್ಲವೇ?"

"ಅವರಷ್ಟು ಹೆದರಿದವರನ್ನು ನಾನು ಕಂಡಿಲ್ಲ," ಎಂದರು ಆಕೆ. ಪ್ರತಿ ಆಟಕ್ಕೂ ಮುಂಚೆ ಅಪ್ಪ ವಾಂತಿ ಮಾಡಿಕೊಳ್ಳುತ್ತಿದ್ದರಂತೆ. ಒಮ್ಮೆ ಎರಡೂ ಕಡೆಯವರು ತಲೆ ಕೊಟ್ಟು ತಳ್ಳುತ್ತಿದ್ದಾಗ ಇಡೀ ಗುಂಪು ಕುಸಿದು, ಅಪ್ಪನ ಕೆಳಗೆ ಬಿದ್ದ ಎದುರಾಳಿಯ ಕತ್ತು ಮುರಿಯಿತು. ಆತ ಮತ್ತೆ ನಡೆಯಲಿಲ್ಲ. ಯಾರೂ ಇವರನ್ನು ದೂರಲಿಲ್ಲ. ದೇಶದ ತಂಡ ಮತ್ತೆ ಕರೆದರೂ ಇವರು ಹೋಗಲಿಲ್ಲ. ಗೆಳೆಯರು ಹೇಡಿ ಎಂದರು. ಅಪ್ಪ ಯುದ್ಧಕ್ಕೆ ಹೋಗಿ ಬದುಕಿ ಬಂದರು. ಫಿರಂಗಿಗಳ ಸದ್ದು ಮರೆತೆ, ಆ ಕತ್ತಿನ ಸದ್ದು ಮರೆಯಲಿಲ್ಲ ಎಂದು ಮಗಳ ಮುಂದೆ ಹೇಳಿಕೊಂಡಿದ್ದರಂತೆ.

ಯುದ್ಧ ಮುಗಿದ ಮೇಲೆ ಅಪ್ಪ ಆ ಎದುರಾಳಿಯ ಮನೆ ಹುಡುಕಿಕೊಂಡು ಹೋದರು. ಬಾಗಿಲು ತಟ್ಟಲಾರದೆ ಗೇಟಿನಲ್ಲೇ ನಿಂತರು. ಕಿಟಕಿಯ ಬಳಿ ಮಲಗಿದ್ದ ಆತನೇ ಕೂಗಿದ: "ಒಳಗೆ ಬಾರಯ್ಯ, ಹೊರಗೆ ಚಳಿ!" ಅಂದಿನಿಂದ ಆತ ಸಾಯುವವರೆಗೂ ಪ್ರತಿ ಭಾನುವಾರ ಹೋಗಿ ಅವನ ಗಡ್ಡ ಬೋಳಿಸಿ ಬರುತ್ತಿದ್ದರು.

ಧೈರ್ಯ ಕೇಳಲು ಹೋದವಳು ಇನ್ನಷ್ಟು ಹೆದರಿ ಮನೆಗೆ ಬಂದೆ.

ಮುಂದಿನ ಶನಿವಾರ ಗಂಡನಿಗೆ ಆಸ್ಪತ್ರೆಯ ಡ್ಯೂಟಿ. ಪಕ್ಕದ ಮನೆಯಾಕೆ ನನ್ನ ಜೊತೆ ಮೈದಾನಕ್ಕೆ ಬಂದರು. ಕೆಸರಿನಲ್ಲಿ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು. ಎಲ್ಲರೂ ಎದ್ದರು. ಅಡಿಯಲ್ಲಿದ್ದ ನನ್ನ ಮಗಳು ಏಳಲಿಲ್ಲ. ಯಾರೋ ಅವಳ ತೋಳು ಹಿಡಿದು ಎತ್ತಲು ಬಗ್ಗಿದರು.

"ಮುಟ್ಟಬೇಡಿ! ಎಳೆಯಬೇಡಿ ಅವಳನ್ನು!"

ಆ ಮುದುಕಿಯಲ್ಲಿ ಅಂಥ ದನಿ ಇದ್ದೀತೆಂದು ನನಗೆ ಗೊತ್ತಿರಲಿಲ್ಲ. ನಾನು ಓಡಿಹೋಗಿ ಕೆಸರಿನಲ್ಲಿ ಮಂಡಿಯೂರಿದೆ. ಮಗಳ ಕಣ್ಣು ಮುಚ್ಚಿತ್ತು.

"ಪುಟ್ಟಿ, ಕಾಲು ಅಲ್ಲಾಡಸು."

ಏನೂ ಇಲ್ಲ. ಕಂಡದ್ದು ಅವಳ ಕತ್ತು ಮಾತ್ರ. ಎಷ್ಟು ಸಣ್ಣ ಕತ್ತು!

"ಅಲ್ಲಾಡಸ!"

ಎರಡೂ ಬೂಟುಗಳು ಅಲುಗಿದವು. "ಐ ಆಮ್ ಓಕೆ, ಅಮ್ಮಾ... ಶೋಲ್ಡರ್," ಎಂದು ಅಳತೊಡಗಿದಳು.

ಮುರಿದದ್ದು ಕೊರಳೆಲುಬು. ಅದು ಕೂಡಿಕೊಂಡ ಮೇಲೆ ಮತ್ತೆ ಆಡಲು ಹೊರಟಳು. ಬೇಡವೆನ್ನಲು ನನ್ನಿಂದಾಗಲಿಲ್ಲ. ಪಕ್ಕದ ಮನೆಯಾಕೆ ಮಾತ್ರ ಮತ್ತೆಂದೂ ಮೈದಾನಕ್ಕೆ ಬರಲಿಲ್ಲ. ನಾನು ಪ್ರತಿ ಆಟಕ್ಕೂ ಹೋದೆ. ಒಂದನ್ನೂ ನೆಮ್ಮದಿಯಿಂದ ನೋಡಲಿಲ್ಲ.