ಮೊದಲ ಖರೇ, ಆಮ್ಯಾಲ ಔಷಧ

ಸದಲಗಾ ಕಡೆಯ ನಮ್ಮೂರಿಗೆ ಬರುತ್ತಿದ್ದ ದನದ ದವಾಖಾನೆಯ ಕಂಪೌಂಡರ್ ಕಾಕಾ ಎಮ್ಮೆಯನ್ನು ಮುಟ್ಟುವ ಮೊದಲು ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಆಮೇಲೆ ನಮ್ಮ ಕಡೆ ತಿರುಗಿ, "ಮೊದಲ ಖರೇ ಹೇಳ್ರಿ, ಆಮ್ಯಾಲ ಔಷಧ" ಎನ್ನುತ್ತಿದ್ದರು.

ಎಮ್ಮೆಯ ಮೈಯಿಂದ ಉಣ್ಣಿ ಕೀಳುವುದು ನನ್ನ ಕೆಲಸ. ಬೇಸರವಾದಾಗ ಅದಕ್ಕೆ ಏಳು ವರ್ಷದ ತಂಗಿಯನ್ನು ಹಚ್ಚುತ್ತಿದ್ದೆ. ಒಂದು ದಿನ ಅವಳ ಕಿವಿಯ ಹಿಂದೆಯೇ ಉಣ್ಣಿ ಕಚ್ಚಿತ್ತು. ಊದಿನಕಡ್ಡಿಯಿಂದ ಸುಟ್ಟು ಕಿತ್ತು, "ಅವ್ವಗ ಹೇಳಬ್ಯಾಡ" ಎಂದೆ. ಅಲ್ಲಿ ಎದ್ದ ಕೆಂಪು ಉಂಗುರದಂಥ ಕಲೆಯನ್ನು ಜಡೆಯಿಂದ ಮುಚ್ಚಿದೆ. ಕೆಲವು ವಾರಗಳಲ್ಲಿ ಅವಳ ಬಾಯಿ ಒಂದು ಕಡೆ ವಾಲಿತು, ಒಂದು ಕಣ್ಣು ಮುಚ್ಚದಾಯಿತು. ಗಾಳಿ ಬಡಿದಿದೆ ಎಂದು ಅವ್ವ ತಾಯಿತ ಕಟ್ಟಿಸಿದಳು.

ಎಮ್ಮೆ ನೋಡಲು ಬಂದ ಕಾಕಾ ತಂಗಿಯ ವಾಲಿದ ಬಾಯಿ ಕಂಡು, ಅಂಗೈ ತಿಕ್ಕಿಕೊಂಡು ಅವಳ ಜಡೆ ಸರಿಸಿದರು. "ಉಣ್ಣಿ ಕಡದಿತ್ತೇನವಾ?"

ತಂಗಿ ನನ್ನ ಮುಖ ನೋಡಿದಳು.

"ಹೌದ್ರಿ ಕಾಕಾ. ನಾನ ಮುಚ್ಚಿಟ್ಟೇನ್ರಿ" ಎಂದೆ.

ಅವ್ವ ಕೈ ಎತ್ತಿದಳು. "ಹೊಡಿಯೂದು ಆಮ್ಯಾಲ ಬೇ. ನಾ ದನಾ ನೋಡಾಂವ, ಈ ಕೂಸಿಗೆ ಕೊಲ್ಲಾಪುರದ ನರದ ಡಾಕ್ಟರ್ ಬೇಕು" ಎಂದ ಕಾಕಾ ನನ್ನತ್ತ ತಿರುಗಿದರು. "ನೀನೂ ನಡಿ. ಅಲ್ಲೂ ಹಿಂಗ ಹೇಳು."

ಹೇಳಿದೆ. ಪರೀಕ್ಷೆ ಮಾಡಿದ ಡಾಕ್ಟರು, ಇದು ಉಣ್ಣಿ ಕಡಿತದಿಂದ ಬರುವ ಲೈಮ್ ಎಂಬ ಅಪರೂಪದ ಜಡ್ಡು, ಮುಖದ ನರಕ್ಕೆ ತಾಗಿದೆ ಎಂದರು. ಔಷಧ ಹತ್ತಿತು; ಬಾಯಿ ಮೆಲ್ಲಗೆ ನೆಟ್ಟಗಾಯಿತು, ಕಣ್ಣು ಮುಚ್ಚತೊಡಗಿತು.

ಕಾಕಾ ಈಗ ನಿವೃತ್ತರಾಗಿ ಊರು ಬಿಟ್ಟಿದ್ದಾರೆ. ಎಮ್ಮೆಯ ಉಣ್ಣಿಯನ್ನು ನಾನೇ ಕೀಳುತ್ತೇನೆ. ಪ್ರತಿ ಸಂಜೆ ಅಂಗೈ ತಿಕ್ಕಿಕೊಂಡು ತಂಗಿಯ ಜಡೆ ಸರಿಸುತ್ತೇನೆ. "ಮೊದಲ ಖರೇ ಹೇಳ ಬೇ ಅಕ್ಕಾ, ಏನರ ಐತೇನ?" ಎಂದು ಅವಳು ನಗುತ್ತಾಳೆ. ನಗು ಎರಡೂ ಕಡೆ ಸಮನಾಗಿ ಏರಿತೇ ಎಂದು ನಾನು ಇನ್ನೂ ನೋಡುತ್ತೇನೆ.